ಅಪ್ಪ ಮುಖ್ಯ ಹಣಕಾಸು ಅಧಿಕಾರಿಯಾಗಿದ್ದ ಮೂರು ದಿನ

ನಮ್ಮ ಅಪ್ಪ ಅವರ ಕಂಪನಿಯಲ್ಲಿ ಅಲಂಕರಿಸದ ಹುದ್ದೆಯಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಉಪಾಧ್ಯಕ್ಷರಾಗಿದ್ದಾರೆ, ಮುಖ್ಯ ಎಂಜಿನಿಯರಾಗಿದ್ದಾರೆ, ಕಾನೂನು ಸಲಹೆಗಾರರಾಗಿದ್ದಾರೆ. ಒಂದು ಸಲ ಮಹಿಳಾ ಸಮಿತಿಯ ಅಧ್ಯಕ್ಷೆಯೂ ಆಗಿದ್ದರು. ಪ್ರತಿಯೊಂದು ಹುದ್ದೆಯಲ್ಲೂ ಹೆಚ್ಚೆಂದರೆ ಕಾಲು ಗಂಟೆ ಇದ್ದು, ಯಾವ ಆಪಾದನೆಯೂ ಇಲ್ಲದೆ ಇಳಿದು ಬಂದಿದ್ದಾರೆ.

ಇದಕ್ಕೆಲ್ಲ ಕಾರಣ ಕಾರ್ಡ್ ಯಂತ್ರ. ಹತ್ತು ಮಹಡಿಯ ಆ ಸಾಫ್ಟ್‌ವೇರ್ ಕಂಪನಿಯ ನೆಲಮಾಳಿಗೆಯಲ್ಲಿ, ಗಾಡಿ ನಿಲ್ಲಿಸುವ ಜಾಗದ ಪಕ್ಕ, ಒಂದು ಕುರ್ಚಿ, ಒಂದು ಸ್ಟೂಲು ಹಿಡಿಸುವಷ್ಟು ರೂಮಿದೆ. ಎಲ್ಲರೂ ಕೊರಳಿಗೆ ಹಾಕಿಕೊಳ್ಳುವ ಗುರುತಿನ ಕಾರ್ಡುಗಳನ್ನು ಅಪ್ಪ ಅಲ್ಲಿ ಕೂತು ಮಾಡುತ್ತಾರೆ. ಯಂತ್ರಕ್ಕೆ ವಯಸ್ಸಾಗಿದೆ. ಹೊಸ ಹುದ್ದೆಯ ಹೆಸರು ಟೈಪ್ ಮಾಡಿದರೆ ಅದಕ್ಕೆ ಗಾಬರಿಯಾಗುತ್ತದೋ ಏನೋ, ಮೊದಲ ಕಾರ್ಡಿನಲ್ಲಿ ಮುಖ ಹಸಿರಾಗಿ ಬರುತ್ತದೆ. ಎರಡನೆಯದರಿಂದ ಮನುಷ್ಯರ ಬಣ್ಣ. ಕೆಲಸಕ್ಕೆ ಸೇರಿದ ದಿನವೇ ಒಬ್ಬರ ಮುಖವನ್ನು ಹಸಿರು ಮಾಡಿ ಕೈಗಿಡುವುದು ಅಪ್ಪನ ಮನಸ್ಸಿಗೆ ಒಗ್ಗಲಿಲ್ಲ. ಹಾಗಾಗಿ ಮೊದಲ ಕಾರ್ಡಿಗೆ ಅವರು ತಮ್ಮ ಮುಖವನ್ನೇ ಒಡ್ಡುತ್ತಾರೆ. ಆ ಹಸಿರು ಕಾರ್ಡನ್ನು ಹಿಡಿದುಕೊಂಡು ಹೋಗಿ, ಆ ಹುದ್ದೆಗೆ ತೆರೆಯಬೇಕಾದ ಬಾಗಿಲುಗಳೆಲ್ಲ ತೆರೆಯುತ್ತವೆಯೇ ಎಂದು ಮುಟ್ಟಿಸಿ ನೋಡಿ, ಕೆಳಗೆ ಬಂದು ಕತ್ತರಿಯಿಂದ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕುತ್ತಾರೆ. ಅಲ್ಲಿಗೆ ಅವರ ಅಧಿಕಾರಾವಧಿ ಮುಗಿಯಿತು.

ಇದು ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ ಮಾತ್ರ. ಹೊರಗಿನವರು ಏನು ಕೆಲಸ ಎಂದು ಕೇಳಿದರೆ ಅಪ್ಪ "ಕಂಪನೀಲಿ" ಎಂದು ಹೇಳಿ ಕೆಮ್ಮುತ್ತಿದ್ದರು.

ಹೀಗಿರುವಾಗ ಕಂಪನಿಗೆ ಹೊಸ ಮುಖ್ಯ ಹಣಕಾಸು ಅಧಿಕಾರಿ ಬರುತ್ತಾರೆಂಬ ಸುದ್ದಿ ಬಂತು. ಬರುವವರು ಒಬ್ಬ ಹೆಂಗಸು. ಹಿಂದಿನ ಕಂಪನಿಯಲ್ಲಿ ಒಂದೇ ವರ್ಷದಲ್ಲಿ ಹನ್ನೊಂದು ವಿಭಾಗ ಮುಚ್ಚಿಸಿದವರಂತೆ. ಹನ್ನೊಂದನೆಯದು ತೋಟದ ವಿಭಾಗ. ಗಿಡಗಳನ್ನೂ ಬಿಡಲಿಲ್ಲ ಎಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿ, ಅನ್ನ ಕಲೆಸುವುದನ್ನು ನಿಲ್ಲಿಸಿದರು. ಇಲ್ಲಿ ಗೇಟಿನಲ್ಲಿ ಮುಖ ನೋಡಿ ಬಾಗಿಲು ತೆರೆಯುವ ಹೊಸ ಯಂತ್ರ ತರುವ ಯೋಚನೆಯಿತ್ತು. ಅದು ಬಂದರೆ ಕಾರ್ಡ್ ರೂಮು ಬೇಡ, ಕಾರ್ಡ್ ರೂಮು ಬೇಡವಾದರೆ ಅಪ್ಪ ಬೇಡ. ಮುಚ್ಚುವ ಪತ್ರ ಸಿದ್ಧವಾಗಿದೆ, ಹೊಸಬರ ಸಹಿಯೊಂದು ಬಾಕಿ ಎಂದು ಮೇಲಿನಿಂದ ಮಾತು ಇಳಿದು ಬಂದಿತ್ತು. ಅಪ್ಪನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ನಾನು ಪದವಿ ಮುಗಿಸಿ, ವರ್ಷದಿಂದ ಅರ್ಜಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ.

ಅಪ್ಪನಿಗೆ ಹೊಳೆದ ಉಪಾಯ ಒಂದೇ. ಆ ಹೆಂಗಸಿನ ಕಾರ್ಡನ್ನು ಎಷ್ಟು ಚೆಂದ ಮಾಡಬೇಕೆಂದರೆ, ಅದನ್ನು ಕೊರಳಿಗೆ ಹಾಕಿಕೊಂಡ ಮೇಲೆ ಸಹಿ ಹಾಕಲು ಕೈ ಏಳಬಾರದು.

ಶುಕ್ರವಾರ ಸಂಜೆ ಅಪ್ಪನ ಮೇಜಿನ ಮೇಲೆ ಮೂರು ಕಾರ್ಡುಗಳಿದ್ದವು. ಒಂದು, ಹೊಸ ಹುದ್ದೆಯ ಹಸಿರು ಕಾರ್ಡು, ಅಪ್ಪನ ಮುಖದ್ದು. ಎರಡು, ಹೊಸ ಅಧಿಕಾರಿಯ ನಿಜವಾದ ಕಾರ್ಡು, ಆಗ ತಾನೇ ಯಂತ್ರದ ತಟ್ಟೆಯಿಂದ ಬಂದದ್ದು. ಮೂರು, ದಾರದ ಬಣ್ಣ ಹೊಂದಿಸಿ ನೋಡಲೆಂದು ಅಪ್ಪ ಬಿಚ್ಚಿಟ್ಟ ಅವರದೇ ಕಾರ್ಡು. ಅಷ್ಟರಲ್ಲಿ ಗ್ಯಾಸ್ ಲೈಟರ್ ತನ್ನಿ ಎಂದು ಅಮ್ಮ ಫೋನ್ ಮಾಡಿದರು. ಅಮ್ಮನ ಫೋನ್ ಬಂದರೆ ಅಪ್ಪ ಎದ್ದು ನಿಂತು ಮಾತಾಡುತ್ತಾರೆ. ಹಾಗೆ ನಿಂತು, ಹೂಂಗುಟ್ಟುತ್ತ, ತಮ್ಮ ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿ ಸ್ವಾಗತದ ಮೇಜಿಗೆ ಕಳಿಸಿದರು, ಅಧಿಕಾರಿಯ ಕಾರ್ಡನ್ನು ವಾಪಸ್ ಯಂತ್ರದ ತಟ್ಟೆಗೆ ತಳ್ಳಿದರು, ಹಸಿರು ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಲೈಟರ್ ತರಲು ಹೊರಟರು.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅಕ್ಷರ ಕಂಡರೆ ಓದದೆ ಬಿಡುವವರಲ್ಲ. ಬೇರೆಯವರ ಹಾಲಿನ ಪ್ಯಾಕೆಟ್ಟು, ಕರೆಂಟ್ ಬಿಲ್ಲು, ಮಕ್ಕಳ ಚಪ್ಪಲಿಯ ಅಟ್ಟೆ, ಯಾವುದಾದರೂ ಸರಿ. ಅಂದು ಮೆಟ್ಟಿಲಲ್ಲಿ ಅಪ್ಪನನ್ನು ತಡೆದು, ಕೊರಳಿನ ಕಾರ್ಡನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಓದಿದ ಮೇಲೆ ಒಂದು ಮೆಟ್ಟಿಲು ಕೆಳಗಿಳಿದು ನಿಂತರು.

"ಅಲ್ಲ ಸ್ವಾಮಿ, ಮುಖ್ಯ ಹಣಕಾಸು ಅಧಿಕಾರಿ. ಒಂದು ಮಾತು ಹೇಳಬಾರದಾ?"

ಅಪ್ಪ ಬಗ್ಗಿ ನೋಡಿಕೊಂಡರು. ಇದು ಮಾದರಿ ಕಾರ್ಡು ಎಂದು ಹೇಳಲು ಎರಡು ಸೆಕೆಂಡು ಸಾಕಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅಪ್ಪನಿಗಾಗಿ ಮೆಟ್ಟಿಲು ಇಳಿದು ನಿಂತಿರಲಿಲ್ಲ.

"ಸೋಮವಾರದಿಂದ ಜಾರಿಗೆ," ಎಂದರು ಅಪ್ಪ.

ಗಮನಿಸಿ, ಇದು ಸುಳ್ಳಲ್ಲ. ಕಾರ್ಡು ಜಾರಿಗೆ ಬರುವುದು ಸೋಮವಾರದಿಂದಲೇ. ಮುಖ ಯಾಕೆ ಹಸಿರಾಗಿದೆ ಎಂದು ಮೇಷ್ಟ್ರು ಕೇಳಿದರು. ಹೊಸ ಹುದ್ದೆಗೆ ಮೊದಲು ಹಾಗೇ ಬರುತ್ತೆ ಎಂದರು ಅಪ್ಪ. ಇದೂ ಸುಳ್ಳಲ್ಲ.

ಮನೆಗೆ ಬಂದು ಅಪ್ಪ ಅಮ್ಮನಿಗೆ ನಡೆದದ್ದನ್ನು ಒಪ್ಪಿಸಿ, ಬೆಳಗ್ಗೆಯೇ ಮೇಷ್ಟ್ರಿಗೆ ನಿಜ ಹೇಳಿಬಿಡುತ್ತೇನೆ ಎಂದರು. ಅಮ್ಮ ಲೈಟರನ್ನು ಎರಡು ಸಲ ಒತ್ತಿ ಪರೀಕ್ಷೆ ಮಾಡಿದರು. "ಭಾನುವಾರ ನನ್ನ ತಮ್ಮ ಬರ್ತಾನೆ. ಅವನು ಬಂದು ಹೋಗೋ ತನಕ ಇರ್ಲಿ," ಎಂದರು.

ಅಮ್ಮನ ತಮ್ಮನನ್ನು ನಾವು ಟೈರ್ ಮಾವ ಅನ್ನುತ್ತೇವೆ. ಅವರದು ಮೂರು ಟೈರ್ ಅಂಗಡಿ. ನಮ್ಮ ಮನೆಗೆ ಬಂದಾಗಲೆಲ್ಲ ಗೋಡೆ, ಫ್ಯಾನು, ಅಪ್ಪ, ಈ ಕ್ರಮದಲ್ಲಿ ನೋಡಿ "ಹೂಂ, ಪರವಾಗಿಲ್ಲ" ಅನ್ನುವುದು ಅವರ ರೂಢಿ. ಭಾವ ಏನು ಕೆಲಸ ಮಾಡುತ್ತಾರೆಂದು ಅವರು ಒಮ್ಮೆಯೂ ಕೇಳಿದವರಲ್ಲ. ಅಮ್ಮ ಆ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು.

ಶನಿವಾರ ಬೆಳಗ್ಗೆಯಿಂದ ನಮ್ಮ ಮನೆಗೆ ಹೊಸ ಗಾಳಿ ಬೀಸತೊಡಗಿತು. ಎರಡು ವರ್ಷದಿಂದ ಸೋರುತ್ತಿದ್ದ ನಲ್ಲಿಯನ್ನು ಮನೆ ಓನರ್ ಪ್ಲಂಬರನ ಜೊತೆ ತಾವೇ ಬಂದು ನಿಂತು ಸರಿ ಮಾಡಿಸಿದರು. ನಾಲ್ಕು ವರ್ಷದ ಹಿಂದೆ ಎದುರು ಮನೆಯ ಟೈಲರಮ್ಮ ಒಯ್ದಿದ್ದ ಏಣಿ ಒರೆಸಿಕೊಂಡು ವಾಪಸ್ ಬಂತು. ಇಷ್ಟು ದಿನ ನನ್ನನ್ನು ಕಂಡರೆ "ಕೆಲಸ ಸಿಗ್ತಾ?" ಅನ್ನುತ್ತಿದ್ದವರು ಈಗ "ನಿಮ್ಮ ತಂದೆಯವರು ಎದ್ರಾ?" ಎಂದು ಕೇಳತೊಡಗಿದರು. ನಾನು ತಲೆಯಾಡಿಸಿ ಬಾಗಿಲು ಮುಂದೆ ಮಾಡುತ್ತಿದ್ದೆ. ಮನೆಯವರಿಗೂ ದೊಡ್ಡಸ್ತಿಕೆ ಬಂತು ಎಂದು ಅದಕ್ಕೂ ಅರ್ಥ ಹಚ್ಚಿದರು.

ಭಾನುವಾರ ಟೈರ್ ಮಾವ ಸಿಹಿ ಡಬ್ಬದೊಂದಿಗೆ ಬಂದಾಗ ಮೇಷ್ಟ್ರು, ಓನರ್, ಟೈಲರಮ್ಮ ಮೂವರೂ ನಮ್ಮ ಹಾಲಿನಲ್ಲೇ ಇದ್ದರು. ಸುದ್ದಿ ಕೆಳಗಿನ ಮೆಟ್ಟಿಲಲ್ಲೇ ಮಾವನ ಕಿವಿಗೆ ಬಿದ್ದಿತ್ತು. ಮಾವ ಗೋಡೆಯನ್ನೂ ನೋಡಲಿಲ್ಲ, ಫ್ಯಾನನ್ನೂ ನೋಡಲಿಲ್ಲ. ನೇರವಾಗಿ ಅಪ್ಪನ ಮುಂದೆ ಬಂದು, ಕುರ್ಚಿ ಖಾಲಿಯಿದ್ದರೂ ಗಿಡ್ಡ ಸ್ಟೂಲಿನ ಮೇಲೆ ಕೂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಆ ದೃಶ್ಯವನ್ನು ಕಣ್ತುಂಬ ನೋಡಿ, ಒಳಗೆ ಹೋಗಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಹೊಸ ಅಧಿಕಾರಿ ಮೊದಲು ಏನು ಮಾಡುತ್ತಾರೆ ಎಂದು ಓನರ್ ಕೇಳಿದರು. ಹೊಸ ಅಧಿಕಾರಿಯ ಬಗ್ಗೆ ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಸಂಗತಿ. ಆ ಸುದ್ದಿ ಬಂದಾಗಿನಿಂದ ಅವರು ಯೋಚಿಸುತ್ತಿದ್ದದ್ದೂ ಅದನ್ನೇ.

"ಮೊದಲು ಕಾರ್ಡ್ ರೂಮು ಮುಚ್ಚೋದು," ಎಂದರು ಅಪ್ಪ, ಸಣ್ಣ ದನಿಯಲ್ಲಿ.

ಹಾಲಿನಲ್ಲಿ ಎಲ್ಲರೂ ಭೇಷ್ ಅಂದರು. ಬಂದ ದಿನವೇ ಇಂಥ ಖಡಕ್ ನಿರ್ಧಾರ ತೆಗೆದುಕೊಳ್ಳುವವರು ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಲ್ಲಿ ಕೂತವನು ಏನು ಮಾಡುತ್ತಿದ್ದನೋ, ಇಷ್ಟು ವರ್ಷ ಬಿಟ್ಟಿ ಸಂಬಳ ತಿಂದಿರಬೇಕು ಎಂದರು ಟೈಲರಮ್ಮ. ತಮ್ಮನ್ನು ಕೆಲಸದಿಂದ ತೆಗೆದುಹಾಕಿದ್ದಕ್ಕೆ ಸಿಕ್ಕಿದ ಅಷ್ಟೂ ಅಭಿನಂದನೆಯನ್ನು ಅಪ್ಪ ಕೈಮುಗಿದು ಸ್ವೀಕರಿಸಿದರು.

ಅಮ್ಮನ ಲೆಕ್ಕದ ಪ್ರಕಾರ ಮಾವ ಅಂದು ಸಂಜೆ ಹೊರಡಬೇಕಿತ್ತು. ಆದರೆ ಅವರು ಉಳಿದರು. ಸೋಮವಾರ ಭಾವನನ್ನು ತಮ್ಮ ಕಾರಿನಲ್ಲೇ ಕಂಪನಿಗೆ ಬಿಡುತ್ತಾರಂತೆ. ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ಅಪ್ಪನ ಮುಖ ನೋಡಿದರು. ಕಾರ್ಡಿಲ್ಲದೆ ಗೇಟು ದಾಟುವಂತಿಲ್ಲ. ತಮ್ಮ ಕಾರ್ಡು ರೂಮಿನ ಮೇಜಿನ ಮೇಲೇ ಇದೆ ಎಂದು ಅಪ್ಪ ನಂಬಿದ್ದರು. ಹಸಿರು ಕಾರ್ಡಿನಲ್ಲಿ ಒಳಗೆ ಹೋಗುವುದು, ಸೀದಾ ರೂಮಿಗೆ ಇಳಿಯುವುದು, ಕತ್ತರಿ ಹಾಕುವುದು. ಅದು ಅವರ ಯೋಜನೆ. ಅಮ್ಮನದು ಒಂದೇ ತಿದ್ದುಪಡಿ: "ಪುಟ್ಟೀನೂ ಕರ್ಕೊಂಡು ಹೋಗಿ. ನಿಮ್ಮಿಬ್ಬರನ್ನೇ ಬಿಡೋಕೆ ನನಗೆ ಧೈರ್ಯ ಇಲ್ಲ." ಪುಟ್ಟಿ ಅಂದರೆ ನಾನು. ಮಾವ ನನ್ನ ಅಂಕಪಟ್ಟಿಗಳ ಫೈಲನ್ನು ತಾವೇ ಎತ್ತಿಕೊಂಡರು. ಇಂಥ ತಂದೆ ಇರುವಾಗ ಇವಳ ಕೆಲಸ ಇವತ್ತೇ ಆಗಿಬಿಡಲಿ ಎಂದರು.

ಗೇಟಿನ ಕಾವಲುಗಾರನಿಗೆ ಅಪ್ಪ ಹಳೆಯ ಪರಿಚಯ. ಆದರೆ ಆ ಗೇಟಿನಲ್ಲಿ ಪರಿಚಯಕ್ಕಿಂತ ದೀಪ ದೊಡ್ಡದು. ಸಾಮಾನ್ಯರು ಕಾರ್ಡ್ ಮುಟ್ಟಿಸಿದರೆ ಬಿಳಿ ದೀಪ, ದೊಡ್ಡವರಿಗೆ ಹಳದಿ. ಹಳದಿ ದೀಪ ಹತ್ತಿದರೆ ಸಲ್ಯೂಟ್ ಹೊಡೆದು ಮೇಲಿನ ಲಿಫ್ಟಿಗೆ ಹತ್ತಿಸಬೇಕು ಎಂಬುದು ಅವನಿಗಿದ್ದ ಆಜ್ಞೆ. ಅಪ್ಪ ಮುಟ್ಟಿಸಿದರು. ಹಳದಿ ಹತ್ತಿತು. ಕಾವಲುಗಾರ ಒಮ್ಮೆ ಅಪ್ಪನನ್ನು, ಒಮ್ಮೆ ದೀಪವನ್ನು ನೋಡಿ ಕಾಲು ಜೋಡಿಸಿದ.

"ಏನ್ ಸಾರ್, ಪ್ರಮೋಷನ್ನಾ?"

"ಇಲ್ಲಪ್ಪ, ನಾನು ಕೆಳಗೆ ಹೋಗ್ಬೇಕು."

"ದೀಪ ಮೇಲೆ ಅಂತಿದೆಯಲ್ಲ ಸಾರ್."

ಹಿಂದೆ ಮಾವ ಎದೆಯುಬ್ಬಿಸಿ ನಿಂತಿದ್ದರು. ಅವರ ಎದುರಿಗೆ ಅಪ್ಪನಿಗೆ ವಾದ ಮಾಡಲಾಗಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚುವಾಗ ಕಂಡ ಅಪ್ಪನ ಮುಖ, ಇದ್ದಕ್ಕಿದ್ದಂತೆ ವಿಮಾನ ಹತ್ತಿಸಿದ ಮನುಷ್ಯನ ಮುಖದಂತಿತ್ತು.

ನಾವಿಬ್ಬರೂ ಹೊರಗಿನವರು. ಹೊರಗಿನವರು ಮೊದಲು ನೆಲಮಾಳಿಗೆಯ ಕಾರ್ಡ್ ರೂಮಿಗೆ ಹೋಗಿ ಅತಿಥಿ ಕಾರ್ಡ್ ಮಾಡಿಸಿಕೊಳ್ಳಬೇಕು. ಇಳಿದು ಹೋದೆವು. ರೂಮಿನ ಮುಂದೆ ಏಳೆಂಟು ಜನರ ಸಾಲಿತ್ತು. ಅಪ್ಪನ ಕುರ್ಚಿಯಲ್ಲಿ ಬೂದು ಕೋಟಿನ, ಗಿಡ್ಡ ಬಿಳಿ ಕೂದಲಿನ ಹೆಂಗಸೊಬ್ಬರು ಕೂತು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಅವರ ಕೊರಳಿನಲ್ಲಿ ನೇತಾಡುತ್ತಿದ್ದ ಕಾರ್ಡಿನಿಂದ ನಮ್ಮ ಅಪ್ಪ, ಮನುಷ್ಯರ ಬಣ್ಣದಲ್ಲಿ, ನನ್ನನ್ನೇ ನೋಡುತ್ತಿದ್ದರು.

ಅಪ್ಪನ ಕಾರ್ಡು ಲಕೋಟೆಯೊಳಗೆ ಹೋಗಿದೆ ಎಂದು ನನಗೆ ಆ ಕ್ಷಣ ಹೊಳೆಯಿತು. ಅಂದಮೇಲೆ ಈಕೆ ಯಾರೆಂಬುದೂ ಹೊಳೆಯಿತು. ಆಮೇಲೆ ತಿಳಿದದ್ದು: ಅವರು ಎಂಟೂವರೆಗೇ ಬಂದಿದ್ದರು. ಲಕೋಟೆಯ ಕಾರ್ಡು ಮುಟ್ಟಿಸಿದಾಗ ಬಿಳಿ ದೀಪ ಹತ್ತಿತು. ತಾವೇ ಹೊಸ ಹಣಕಾಸು ಅಧಿಕಾರಿ ಎಂದು ಎಷ್ಟು ಹೇಳಿದರೂ ಕಾವಲುಗಾರ, ಕಾರ್ಡ್ ತಪ್ಪಿದ್ದರೆ ಕೆಳಗೆ ಸರಿ ಮಾಡಿಸಿಕೊಳ್ಳಿ ಮೇಡಂ ಎಂದು ಇಳಿಸಿದ್ದ. ಇಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಕೂತರು. ಕೂತವರ ಮುಂದೆ ಸಾಲು ನಿಂತಿತು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಗೋಡೆಗೆ ಅಪ್ಪ ಅಂಟಿಸಿದ್ದ ಸೂಚನೆಗಳನ್ನು ಓದಿ ಕೆಲಸ ಶುರು ಮಾಡಿದ್ದರು.

ನಾನು ಮಾವನ ತೋಳು ಎಳೆದೆ. ಮಾವ ತೋಳು ಬಿಡಿಸಿಕೊಂಡು ಸಾಲಿನ ಮುಂದಕ್ಕೆ ಹೋದರು.

"ಸ್ವಲ್ಪ ಬೇಗ ಆಗ್ಲಿ ಅಮ್ಮ. ಹೊಸ ಮುಖ್ಯ ಹಣಕಾಸು ಅಧಿಕಾರಿ ಇದ್ದಾರಲ್ಲ, ನಮ್ಮ ಭಾವ. ಸ್ವಂತ ಅಕ್ಕನ ಗಂಡ."

ಅವರ ಪೆನ್ನು ನಿಂತಿತು. "ಹೌದಾ. ಬಂದ್ರಾ ಅವರು?"

"ಈಗ ತಾನೇ ಮೇಲೆ ಹೋದ್ರು. ಸಲ್ಯೂಟ್ ಹೊಡೆಸ್ಕೊಂಡು."

"ಒಳ್ಳೇದಾಯ್ತು. ಎಂಟೂವರೆಯಿಂದ ನಾನೂ ಅವರನ್ನೇ ಕಾಯ್ತಿದ್ದೀನಿ. ಕೂತ್ಕೊಳ್ಳಿ. ಹೇಗೆ ಮನುಷ್ಯ?"

ಮಾವ ಸ್ಟೂಲಿನ ಮೇಲೆ ಕೂತರು. ಇಷ್ಟು ವರ್ಷ ಭಾವನ ಬಗ್ಗೆ ಆಡದೆ ಉಳಿಸಿಕೊಂಡಿದ್ದ ಒಳ್ಳೆಯ ಮಾತುಗಳನ್ನೆಲ್ಲ ಆಗ ಒಟ್ಟಿಗೆ ಆಡಿದರು. ಕಬ್ಬಿಣದಂಥ ಮನುಷ್ಯ, ಹೇಳಿದರೆ ಹೇಳಿದ್ದೇ ಎಂದರು. ಬಂದ ದಿನವೇ ಈ ಕಾರ್ಡ್ ರೂಮು ಮುಚ್ಚಿಸಲಿದ್ದಾರೆ ಎಂದರು. ಆಕೆಯ ಹುಬ್ಬು ಏರಿದ್ದನ್ನು ಹೆದರಿಕೆ ಎಂದು ತಿಳಿದು ಅವರಿಗೆ ಕನಿಕರ ಬಂತು.

"ನೀವೇನೂ ಗಾಬರಿ ಆಗ್ಬೇಡಿ. ನಾನೊಂದು ಮಾತು ಹೇಳಿದ್ರೆ ನಿಮ್ಮನ್ನ ಬೇರೆ ಕಡೆ ಹಾಕ್ತಾರೆ. ಕಂಪನಿ ಬಸ್ಸುಗಳಿಗೆಲ್ಲ ಇನ್ಮೇಲೆ ನಮ್ಮ ಅಂಗಡಿ ಟೈರೇ. ಭಾವ ಇಲ್ಲ ಅನ್ನಲ್ಲ."

ಅಪ್ಪನ ಜೊತೆ ಮಾವ ಟೈರಿನ ಮಾತೇ ಎತ್ತಿರಲಿಲ್ಲ. ಆಕೆ ರಿಜಿಸ್ಟರಿನಲ್ಲಿ ಭೇಟಿಯ ಉದ್ದೇಶ ಎಂಬ ಕಡೆ "ಟೈರು" ಎಂದು ಬರೆದುಕೊಂಡರು. ಅಪ್ಪನ ರೂಮು ಮಾತ್ರವಲ್ಲ, ಅಪ್ಪನ ಇಪ್ಪತ್ತೆರಡು ವರ್ಷದ ಹೆಸರೂ ಆ ಒಂದು ಪದದ ಕೆಳಗೆ ಸಿಕ್ಕಿಕೊಂಡದ್ದು ನನಗೆ ಕಂಡಿತು. ಬಾಯಿ ತೆರೆದೆ. ದನಿ ಬರಲಿಲ್ಲ.

ಅಷ್ಟರಲ್ಲಿ ಮಾವ, ಬರೀ ಅತಿಥಿ ಅಂತ ಹಾಕಿದರೆ ತಮಗೆ ಮರ್ಯಾದೆಯಲ್ಲ ಎಂದು ತಕರಾರು ತೆಗೆದರು. ಮತ್ತೇನು ಹಾಕಲಿ ಎಂದು ಆಕೆ ಬಹಳ ವಿನಯದಿಂದ ಕೇಳಿದರು. ಮಾವ ಹೇಳಿದ ಹಾಗೇ ಟೈಪ್ ಮಾಡಿದರು: ಮುಖ್ಯ ಹಣಕಾಸು ಅಧಿಕಾರಿಯವರ ಭಾಮೈದ. ಯಂತ್ರ ಇಂಥ ಹುದ್ದೆಯನ್ನು ಹಿಂದೆಂದೂ ಕಂಡಿರಲಿಲ್ಲ. ನಡುಗಿ, ಕುಲುಕಿ, ಒಂದು ಕಾರ್ಡು ಉಗುಳಿತು. ಮಾವ ಅದರಲ್ಲಿ ಎಲೆ ಬಣ್ಣದಲ್ಲಿ ನಗುತ್ತಿದ್ದರು.

"ಇದೇನಿದು, ನನ್ನ ಮುಖ ಹೀಗೆ?"

"ಹೊಸ ಹುದ್ದೆಯ ಮೊದಲ ಕಾರ್ಡು ಹಸಿರಾಗೇ ಬರುತ್ತೆ ಮಾವ," ಎಂದೆ. ದನಿ ಯಾವಾಗ ಬಂತೋ ಗೊತ್ತಿಲ್ಲ.

ಆಕೆ ನನ್ನ ಕಡೆ ತಿರುಗಿದರು. "ನಿಮಗೆ ಹೇಗೆ ಗೊತ್ತು?"

ಒಮ್ಮೆ ಬಂದ ದನಿ ವಾಪಸ್ ಹೋಗುವ ಮುಂಚೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಮೊದಲ ಕಾರ್ಡಿಗೆ ತಮ್ಮ ಮುಖ ಒಡ್ಡುವುದು, ಅಮ್ಮನ ಲೈಟರು, ಮೂರು ಕಾರ್ಡು, ಮೇಷ್ಟ್ರು, ಏಣಿ. ಟೈರಿನ ವಿಷಯ ಅಪ್ಪನಿಗೆ ಗೊತ್ತೇ ಇಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಆಮೇಲೆ, ಯಂತ್ರದ ತಟ್ಟೆ ಬಿಗಿಯಾದರೆ ಕೆಳಗಿನಿಂದ ಗುದ್ದಬೇಕೆಂದು ಅಪ್ಪ ಮನೆಯಲ್ಲಿ ಹೇಳುತ್ತಿದ್ದದ್ದು ನೆನಪಾಗಿ, ಮೇಜಿನ ಪಕ್ಕಕ್ಕೆ ಹೋಗಿ ಗುದ್ದಿದೆ. ಶುಕ್ರವಾರದ ಕಾರ್ಡು ಜಾರಿ ಬಂತು. ಬಿಳಿ ಕೂದಲು, ಬೂದು ಕೋಟು, ಚೊಕ್ಕ ಬಣ್ಣ.

ಮಾವ ಆ ಕಾರ್ಡನ್ನು ನೋಡಿದರು, ಆಕೆಯನ್ನು ನೋಡಿದರು. ಅದಾದ ಮೇಲೆ ಅವರ ಕಾರ್ಡಿನ ಮುಖಕ್ಕೂ ನಿಜವಾದ ಮುಖಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಆಕೆ ಮಾತ್ರ ಏಳಲಿಲ್ಲ; ತಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟು, ನಿಂತ ಸಾಲು ಮುಗಿಯಲಿ ಎಂದು ಮತ್ತೆ ಪೆನ್ನು ಹಿಡಿದರು.

ಈ ಹೊತ್ತಿಗೆ ಹತ್ತನೇ ಮಹಡಿಯಲ್ಲಿ ಏನಾಗುತ್ತಿತ್ತು ಎಂಬುದನ್ನು ಅಪ್ಪ ಆಮೇಲೆ ಹೇಳಿದರು. ಅಪ್ಪ ಲಿಫ್ಟಿನಿಂದ ಇಳಿದ ಕೂಡಲೇ "ಮುಖ್ಯ ಹಣಕಾಸು ಅಧಿಕಾರಿ ಆಗಮಿಸಿದ್ದಾರೆ" ಎಂದು ಎಲ್ಲರ ಫೋನಿಗೂ ಸಂದೇಶ ಹೋಯಿತು. ಹೂಗುಚ್ಛ ಹಿಡಿದು ನಿಂತಿದ್ದ ದೊಡ್ಡವರೆಲ್ಲ ಅಪ್ಪನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಕಾರ್ಡ್ ರೂಮಿನವನು ಯಾವುದೋ ಬಾಗಿಲು ಪರೀಕ್ಷೆಗೆ ಬಂದಿರಬೇಕು ಎಂದುಕೊಂಡು, ಹೂಗುಚ್ಛವನ್ನು ಅವರ ಕೈಗೆ ಹಿಡಿಯಲು ಕೊಟ್ಟು, ಅಧಿಕಾರಿಯನ್ನು ಹುಡುಕತೊಡಗಿದರು. ಅದು ತಂತ್ರಜ್ಞಾನದ ಕಂಪನಿ. ಬಂದಿದ್ದಾರೆ ಎಂದು ಯಂತ್ರ ಹೇಳಿದ ಮೇಲೆ ಬಂದೇ ಇದ್ದಾರೆ. ಮೀಟಿಂಗ್ ರೂಮುಗಳಲ್ಲಿ ಹುಡುಕಿದರು, ಪರದೆಗಳ ಹಿಂದೆ ಹುಡುಕಿದರು, ಒಬ್ಬರು ಮೇಜಿನ ಕೆಳಗೂ ಬಗ್ಗಿದರು. ನಿಜ ಹೇಳಲೆಂದು ಅಪ್ಪ ಮೂರು ಸಲ "ಸಾರ್" ಎಂದರು. ಮೂರು ಸಲವೂ "ಒಂದ್ನಿಮಿಷ ಇರಿ, ಮೇಡಂ ಸಿಗ್ಲಿ" ಎಂಬ ಉತ್ತರ ಬಂತು. ಒಂದು ಗಂಟೆ ಹೂ ಹಿಡಿದು ನಿಂತು, ಕೊನೆಗೆ ಅಪ್ಪ ಮೆಟ್ಟಿಲ ಕಡೆ ಓಡಿದರು.

ಹತ್ತು ಮಹಡಿ ಇಳಿದು, ಏದುಸಿರು ಬಿಡುತ್ತ, ರೂಮಿನ ಬಾಗಿಲಲ್ಲಿ ನಿಂತರು. ಅವರ ಕೊರಳಲ್ಲಿ ಆಕೆಯ ಹುದ್ದೆ, ಆಕೆಯ ಕೊರಳಲ್ಲಿ ಅಪ್ಪನ ಮುಖ. ಇಬ್ಬರೂ ಕಾರ್ಡುಗಳನ್ನು ಓದಿಕೊಂಡರು. ಅಪ್ಪ ಹೂಗುಚ್ಛ ಮುಂದೆ ಚಾಚಿದರು.

ಆಕೆ ಅದನ್ನು ತೆಗೆದುಕೊಂಡು ಯಂತ್ರದ ಮೇಲಿಟ್ಟರು. ಚೀಲದಿಂದ ಒಂದು ಕಾಗದ ತೆಗೆದು ಬಿಡಿಸಿದರು.

"ಇದಕ್ಕೆ ನಾನು ಹನ್ನೊಂದಕ್ಕೆ ಸಹಿ ಹಾಕ್ಬೇಕು. ಈ ರೂಮಿಗೆ ದಿನಕ್ಕೆ ಇಬ್ಬರು ಮೂವರು ಬಂದ್ರೆ ಹೆಚ್ಚು ಅಂತ ಬರೆದಿದ್ದಾರೆ. ಬೆಳಗ್ಗಿಂದ ಮೂವತ್ತೆಂಟು ಜನರ ಹೆಸರು ಬರೆದು ನನ್ನ ಬೆರಳು ನೋಯ್ತಿದೆ. ಇದನ್ನ ಬರೆದವರು ಇಲ್ಲಿಗೆ ಯಾವತ್ತಾದ್ರೂ ಬಂದಿದ್ದಾರಾ?"

"ಇಲ್ಲ ಮೇಡಂ. ಅವರ ಕಾರ್ಡು ಲಕೋಟೇಲಿ ಹೋಗುತ್ತೆ."

"ಅದೇ ತಪ್ಪಾದದ್ದು," ಎಂದು ಆಕೆ ಕಾಗದವನ್ನು ಮಡಿಸಿದರು. "ನೀವು ನಿವೃತ್ತರಾಗೋ ತನಕ ರೂಮು ಇರ್ಲಿ. ಆದ್ರೆ ಇನ್ಮೇಲೆ ಲಕೋಟೆ ಇಲ್ಲ. ಎಷ್ಟೇ ದೊಡ್ಡವರಾಗ್ಲಿ, ಇಳಿದು ಬರ್ಲಿ. ಮುಖ ನೋಡಿ ಕೈಗೆ ಕೊಡಿ. ಈಗ ಆ ಹಸಿರು ಕಾರ್ಡು ನನ್ನ ಮುಂದೇನೇ ಕತ್ತರಿಸಿ."

ಅಪ್ಪ ಕತ್ತರಿಸಿದರು. ನಾಲ್ಕು ತುಂಡು. ಟೈರಿನ ಬಗ್ಗೆ ಆಕೆ ಏನೂ ಕೇಳಲಿಲ್ಲ. ರಿಜಿಸ್ಟರಿನ ಆ ಪದವನ್ನು ನೋಡಿ, ಮಾವನನ್ನು ನೋಡಿದರು. ಮಾವ ನೆಲದಲ್ಲಿ ಏನನ್ನೋ ಹುಡುಕುತ್ತಿದ್ದರು.

ಸಂಜೆ ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ, ನೆರೆಯವರಿಗೆ ನಿಜ ಹೇಳುವುದನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಮನೆಯ ಮುಂದೆ ಮೂವರೂ ಕಾದು ನಿಂತಿದ್ದರು. ಅಪ್ಪ ಇಳಿದು "ನೋಡಿ, ವಿಷಯ ಏನಂದ್ರೆ" ಅಂದರು. ಅಷ್ಟಕ್ಕೇ ಮಾವ ಅಡ್ಡ ಬಂದರು. ಭಾವನ ಹುದ್ದೆಯ ವಿಷಯವನ್ನು ಭಾನುವಾರವೇ ಅವರು ಮೂರೂ ಅಂಗಡಿಗೆ ಫೋನ್ ಮಾಡಿ ಹೇಳಿಯಾಗಿತ್ತು. ಈಗ ನಿಜ ಹೊರಬಿದ್ದರೆ ಅಪ್ಪನಿಗಿಂತ ಹೆಚ್ಚಿನ ನಷ್ಟ ಅವರಿಗೆ.

"ಭಾವ ಬೇಡ ಅಂದ್ಬಿಟ್ರು," ಎಂದರು ಮಾವ. "ಬಂದ ಕೂಡ್ಲೇ ಕಾರ್ಡ್ ರೂಮು ಮುಚ್ಚೋ ಕಾಗದ ಮುಂದಿಟ್ರು. ಅಲ್ಲಿ ಹೋಗಿ ನೋಡಿದ್ರೆ ಪಾಪ, ಯಾರೋ ಇಪ್ಪತ್ತೆರಡು ವರ್ಷದಿಂದ ದುಡೀತಿದ್ದಾರೆ. ಕುರ್ಚಿ ಬೇಕಾದ್ರೆ ಬಿಡ್ತೀನಿ, ರೂಮು ಮುಚ್ಚಲ್ಲ ಅಂತ ಎದ್ದು ಬಂದ್ರು ನಮ್ಮ ಭಾವ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥವರು ತಮ್ಮ ಮನೆಯಲ್ಲಿ ಬಾಡಿಗೆಗೆ ಇರುವುದೇ ಪುಣ್ಯ ಎಂದು ಓನರ್ ಅಪ್ಪನ ಕೈ ಹಿಡಿದರು. ಆ ಕಾರ್ಡ್ ರೂಮಿನವನಿಗೆ ಇನ್ನಾದರೂ ಋಣ ಇರಬೇಕು ಎಂದರು ಟೈಲರಮ್ಮ. ಮುಚ್ಚುವುದಕ್ಕೆ ನಿನ್ನೆ ಚಪ್ಪಾಳೆ ತಟ್ಟಿದ ಅದೇ ಕೈಗಳು ಇವತ್ತು ಮುಚ್ಚದೆ ಇದ್ದದ್ದಕ್ಕೆ ತಟ್ಟಿದವು. ಅಪ್ಪ ಮತ್ತೊಮ್ಮೆ ಬಾಯಿ ತೆರೆದರು. ಮಾವ ಅವರ ಬೆನ್ನಿಗೆ ಕೈಯಿಟ್ಟು ಮೆಟ್ಟಿಲು ಹತ್ತಿಸಿದರು.

ಮೇಲೆ ಅಮ್ಮ ಎಲ್ಲವನ್ನೂ ಮೊದಲಿನಿಂದ ಕೇಳಿದರು. ರೂಮು ಉಳಿಯಿತು ಎಂಬಲ್ಲಿಗೆ ಬಂದಾಗ ಸೆರಗಿನಿಂದ ಕಣ್ಣಿನ ತುದಿ ಒರೆಸಿಕೊಂಡು, ಎದ್ದು ಒಲೆಯ ಮೇಲಿನ ಪಾತ್ರೆ ಇಳಿಸಿದರು.

"ಒಳ್ಳೇದೇ ಆಯ್ತು ಬಿಡಿ. ಆ ದೊಡ್ಡ ಕೆಲಸ ನಿಮ್ಮ ಕೈಲಿ ಆಗ್ತಿರ್ಲಿಲ್ಲ."

ಬೂಟಿನ ದಾರ ಬಿಚ್ಚುತ್ತಿದ್ದ ಅಪ್ಪನ ಕೈ ನಿಂತಿತು. ಅಮ್ಮನನ್ನು ನೋಡಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ಕೂತರು. ಕಾಫಿ ಕೊಟ್ಟರೆ ತೆಗೆದುಕೊಂಡರು, ಆದರೆ ಅಮ್ಮನ ಕಡೆ ತಿರುಗಲಿಲ್ಲ. ಊಟಕ್ಕೆ ಕೂತರು. ಎರಡನೇ ಸಲ ಅನ್ನ ಬಡಿಸಿಕೊಂಡ ಮೇಲೆ, ನನ್ನನ್ನು ನೋಡಿ, ಅಡುಗೆಮನೆಗೆ ಕೇಳುವಷ್ಟು ದನಿಯಲ್ಲಿ ಅಂದರು:

"ಒಂದು ಗಂಟೆ ಹತ್ತನೇ ಮಹಡೀಲಿ ಇದ್ದೆ ನಾನು. ಕಂಪನಿಗೆ ಏನಾದ್ರೂ ಆಯ್ತಾ?"